ಮಾತಿನ ಟೀಚರ್ ಗೋಪಮ್ಮ

ಮಲ್ಲಟದ ಕೂಲಿಕಾರರ ಮಗಳು ಗೋಪಮ್ಮ ಮೈಸೂರಿಗೆ ಹೋಗಿ, ಉಗ್ಗುವ, ತೊದಲುವ, ಕಿವಿ ಮಂದವಾದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಓದಿಕೊಂಡು ೧೯೭೮ರಲ್ಲಿ ರಾಯಚೂರಿಗೆ ಮರಳಿದಳು. ಊರಿನ ಒಂದು ಸೇವಾ ಸಂಸ್ಥೆ ಅವಳನ್ನು ರಾಯಚೂರು, ದೇವದುರ್ಗ, ಮಾನವಿಯ ಶಾಲೆಗಳಿಗೆ ಕಳಿಸತೊಡಗಿತು. ಹೋದಲ್ಲೆಲ್ಲ ಹೆಡ್‌ಮಾಸ್ತರರು ಚಹಾ ತರಿಸುತ್ತಿದ್ದರು. ಕೂತು ಕಲಿಸಲು ಕೋಣೆ ಮಾತ್ರ ಕೊಡುತ್ತಿರಲಿಲ್ಲ.

"ಮಾತು ಬರದವರು ನಮ್ಮ ಸಾಲ್ಯಾಗ ಯಾರೂ ಇಲ್ರಿ" ಎನ್ನುತ್ತಿದ್ದರು. ಸುಳ್ಳಲ್ಲ. ಅಂಥವರನ್ನು ದಡ್ಡರೆಂದು ಎಂದೋ ಮನೆಗೆ ಅಟ್ಟಿಯಾಗಿತ್ತು.

ಮಾನವಿಯ ಒಂದು ಶಾಲೆಯಲ್ಲಿ ಒಬ್ಬಳು ಹೇಗೋ ಉಳಿದಿದ್ದಳು. ನಾಲ್ಕನೇ ತರಗತಿಯ ಮೂಕಮ್ಮ, ತುಟಿ ಬಿಚ್ಚದ ಹುಡುಗಿ.

"ಹೆಸರೇ ಮೂಕಮ್ಮ ಅದ. ಇನ್ನೇನ್ ಮಾತಾಡ್ತಾಳ್ರಿ?" ಎಂದು ಅವಳ ತರಗತಿಯ ರಾಮಲಿಂಗಪ್ಪ ಮಾಸ್ತರ ನಕ್ಕ. ಅದು ದೇವರ ಹೆಸರೆಂದು ಅವನಿಗೂ ಗೊತ್ತಿತ್ತು. ಆದರೆ ಇದ್ದ ಒಂದೇ ಹಾಸ್ಯವನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ.

ಗೋಪಮ್ಮ ಹುಡುಗಿಯನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು ಮನೆಯ ಕುರಿಮರಿಗಳ ಸುದ್ದಿ ಕೇಳುತ್ತ ಹೋದಳು. ಮೂರನೆಯ ಭೇಟಿಯಲ್ಲಿ ಹುಡುಗಿ ಬಾಯಿ ಬಿಟ್ಟಳು.

"ನ... ನ... ನನಗ ಬರ್ತದ್ರಿ. ಮಾಸ್ತರು ನನ್ನಂಗ ಮಾತಾಡಿ ತೋರಿಸ್ತಾರ. ಎಲ್ಲಾರೂ ನಗ್ತಾರ."

ಗೋಪಮ್ಮ ನೇರ ಮಾಸ್ತರನ ಬಳಿ ಹೋದಳು. "ಆಕಿ ಉಗ್ಗಿದಾಗ ನೀವು ಸುಮ್ನ ಕಾದ್ರ ಸಾಕ್ರಿ."

"ಇಷ್ಟು ಹುಡುಗ್ರಾಗ ಆಕಿ ಒಬ್ಬಾಕಿಗೆ ಕಾಯಾಕ ನನಗ ಪುರಸತ್ತಿಲ್ಲ."

ಅಣಕಿಸಲು ಮಾತ್ರ ಅವನಿಗೆ ದಿನಾಲೂ ಪುರಸತ್ತಿತ್ತು.

ಗೋಪಮ್ಮ ವಾರವಾರ ಬಸ್ ಹತ್ತಿ ಬಂದಳು. ಮೊದಲ ಅಕ್ಷರವನ್ನು ಒತ್ತದೆ ಉಸಿರಿನ ಮೇಲೆ ಮೆಲ್ಲಗೆ ಬಿಡುವುದನ್ನು ಕಲಿಸಿದಳು. ಉಗ್ಗಿದರೂ ನಾಚಬಾರದೆಂದು ಕಲಿಸುವುದೇ ಹೆಚ್ಚು ಕಷ್ಟವಾಯಿತು.

ಇನ್ಸ್‌ಪೆಕ್ಟರು ಶಾಲೆ ತನಿಖೆಗೆ ಬಂದ ದಿನ ಮೂಕಮ್ಮನನ್ನು ಅವರ ಕಣ್ಣಿಗೆ ಬೀಳದಂತೆ, ಮಕ್ಕಳಿಗೆ ಉಪ್ಪಿಟ್ಟು ಮಾಡುವ ಕೋಣೆಯಲ್ಲಿ ಕೂರಿಸಿದ್ದರು. ಅಂದೇ ಬಂದ ಗೋಪಮ್ಮ ಅವಳ ಕೈ ಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂರಿಸಿದಳು. ಜಿಲ್ಲೆಯ ನದಿಗಳು ಯಾವುವೆಂದು ಸಾಹೇಬರು ಕೇಳಿದಾಗ ಮೂಕಮ್ಮ ಕೈ ಎತ್ತಿದಳು.

"ಕೃ... ಕೃ..."

ತರಗತಿ ನಕ್ಕಿತು; ಎಲ್ಲರಿಗಿಂತ ಜೋರಾಗಿ ಮಾಸ್ತರ. ಸಾಹೇಬರು ಬೇರೆ ಮಗುವಿನ ಕಡೆ ತಿರುಗಿದರು.

"ಸಾಹೇಬ್ರ, ಆಕಿ ಹೇಳಾಕತ್ತಾಳ್ರಿ. ಮುಗಿಸಲಿ" ಎಂದಳು ಗೋಪಮ್ಮ.

ನಗು ನಿಂತಿತು. ಹುಡುಗಿ ಉಸಿರೆಳೆದುಕೊಂಡಳು. "ಕೃಷ್ಣಾ. ತು... ತುಂಗಭದ್ರಾ."

"ಶಾಬಾಸ್! ಮಾಸ್ತರು ಛಲೋ ತಯಾರ್ ಮಾಡ್ಯಾರ" ಎಂದರು ಸಾಹೇಬರು. ರಾಮಲಿಂಗಪ್ಪ ಕೈ ಮುಗಿದು ಹೊಗಳಿಕೆಯನ್ನು ಪೂರ್ತಿ ನುಂಗಿದ. ಮರುವರ್ಷ ಅವನಿಗೆ ಆದರ್ಶ ಶಿಕ್ಷಕನೆಂದು ಶಾಲು ಹೊದಿಸಿದರು. ಮೂಕರಿಗೂ ಮಾತು ತರಿಸಿದೆನೆಂದು ವೇದಿಕೆಯಲ್ಲಿ ಭಾಷಣ ಮಾಡಿದ. ಕೇಳುತ್ತ ಕೂತಿದ್ದ ಗೋಪಮ್ಮ ಭಾಷಣ ಮುಗಿಯುವ ಮೊದಲೇ ಎದ್ದು ಹೊರಟಳು.

ಪ್ರಚಾರಕ್ಕೆ ಸಾಕಷ್ಟು ಫೋಟೋ ಸಿಕ್ಕ ಮೇಲೆ ಸಂಸ್ಥೆಯವರು ೧೯೮೪ರಲ್ಲಿ ಈ ಕೆಲಸ ನಿಲ್ಲಿಸಿದರು. ಗೋಪಮ್ಮ ರಾಯಚೂರಿನ ತನ್ನ ಬಾಡಿಗೆ ಮನೆಯ ಪಡಸಾಲೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡಳು. ದೇವದುರ್ಗದಿಂದಲೂ ತಾಯಂದಿರು ಬಂದರು.

ಮೂಕಮ್ಮನ ಉಗ್ಗು ಪೂರ್ತಿ ಹೋಗಲಿಲ್ಲ. ಮುಂದೆ ಅವಳು ಕವಿತಾಳದಲ್ಲಿ ಅಂಗನವಾಡಿ ಕೆಲಸಕ್ಕೆ ಸೇರಿ, ಮಕ್ಕಳಿಗೆ ಕತೆ ಹೇಳುತ್ತಿದ್ದಳು. ಅವಳ ಕತೆಗಳು ತುಸು ಉದ್ದವಾಗುತ್ತಿದ್ದವು. ಮಕ್ಕಳಿಗೆ ಅದರಿಂದ ಖುಷಿಯೇ.