ಯೋಗರಾಜ್ ಬೇಡವೆಂದ ಟೈರುಗಳು

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಯೋಗರಾಜ್ ತೀರಿಕೊಂಡ. ಹೊಸನಗರದಿಂದ ಶಿವಮೊಗ್ಗಕ್ಕೆ ಸಾಗಿಸುತ್ತಿದ್ದ ಆಂಬುಲೆನ್ಸಿನಲ್ಲಿ, ರಿಪ್ಪನ್‌ಪೇಟೆ ದಾಟಿದ ಮೇಲೆ, ಉಸಿರು ನಿಂತಿತು. ಸೈಕಲ್ಲಿನ ಹ್ಯಾಂಡಲ್ ತುದಿ ಹೊಟ್ಟೆಗೆ ಬಡಿದು ಗುಲ್ಮ ಒಡೆದಿತ್ತು. ಹೊರಗೆ ಒಂದು ತರಚು ಗಾಯ, ಒಳಗೆ ಹೊಟ್ಟೆ ತುಂಬ ರಕ್ತ.

ವಾರದೊಳಗೆ ಸಾಗರದ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ನಿಂತಿತು. ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ಯೋಗರಾಜ್, ಕೆಳಗೆ ‘ತನಗೆ ಪ್ರಿಯವಾದುದನ್ನು ಮಾಡುತ್ತಲೇ ನಮ್ಮನ್ನಗಲಿದ ಸಾಹಸಿ’ ಎಂಬ ಸಾಲು. ಹಾಕಿಸಿದವನು ಹರ್ಷವರ್ಧನ, ಅವನ ಜೊತೆ ಸೈಕಲ್ ಕ್ಯಾಂಪ್ ನಡೆಸುತ್ತಿದ್ದವನು. ಯೋಗರಾಜನ ಹೆಂಡತಿ ಸ್ವಪ್ನಾ ಆಟೋದಲ್ಲಿ ಹೋಗುವಾಗ ಅದನ್ನು ಕಂಡಳು. ಆಟೋ ನಿಲ್ಲಿಸಿ, ಇಳಿದು, ಪೂರ್ತಿ ಓದಿದಳು. “ಪ್ರಿಯವಾದುದಂತೆ” ಎಂದು ವಾಪಸ್ ಹತ್ತಿ ಕೂತಳು.

ಆ ಸಾಲು ಸುಳ್ಳು. ಬೇಡ, ಆಗದು, ಬಿಡುವುದಿಲ್ಲ ಎಂದು ಮೂರು ದಿನ ಗಂಟಲು ಹರಿಯುವಂತೆ ಕೂಗಿ, ಕೂಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳದೆ, ಆ ಸಿಟ್ಟಿನಲ್ಲೇ ಅವನು ಸತ್ತ.

ಕೂಗುವುದು ಅವನಿಗೆ ಕೆಲಸದಿಂದ ಬಂದ ಅಭ್ಯಾಸ. ಮೊದಲು ಅವನು ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸೊಂದರ ಕಂಡಕ್ಟರ್ ಆಗಿದ್ದ. “ಬಟ್ಟೆಮಲ್ಲಪ್ಪ, ಹೊಸನಗರ, ಹುಂಚ, ತೀರ್ತಳ್ಳಿ!” ಎಂದು ಅವನು ಒದರಿದರೆ ಹೋಟೆಲಿನೊಳಗೆ ಕೂತವನು ಕಾಫಿ ಅರ್ಧಕ್ಕೇ ಬಿಟ್ಟು ಓಡಿ ಬರಬೇಕು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಬಾಗಿಲಲ್ಲಿ ನೇತಾಡುವವರನ್ನು, ಎರಡು ಸೀಟಿಗೆ ಚೀಲ ಹರಡಿ ಕೂತವರನ್ನು, ಬ್ರೇಕ್ ಸವೆದಿದ್ದರೂ ಬಸ್ ಹೊರಡಿಸು ಎನ್ನುವ ಮಾಲೀಕನನ್ನು, ಎಲ್ಲರನ್ನೂ ಒಂದೇ ದನಿಯಲ್ಲಿ ಬೈಯುತ್ತಿದ್ದ. ಕೊನೆಗೆ ಆ ಮಾಲೀಕ ಅವನನ್ನೇ ಬಸ್ಸಿನಿಂದ ಇಳಿಸಿದ.

ಸೈಕಲ್ಲಿನ ಹುಚ್ಚು ಹತ್ತಿದ್ದು ಆ ಬಸ್ಸಿನಲ್ಲೇ. ಒಮ್ಮೆ ಹೊಸನಗರದಲ್ಲಿ ಯಾರೋ ಪ್ರವಾಸಿ ತನ್ನ ಮೌಂಟನ್ ಬೈಕನ್ನು ಬಸ್ಸಿನ ಟಾಪಿಗೆ ಹಾಕಲು ಕೊಟ್ಟ. ಏಣಿ ಹತ್ತುತ್ತ ಒಂದೇ ಕೈಯಲ್ಲಿ ಎತ್ತಿದ ಯೋಗರಾಜ್ ಅರ್ಧ ಏಣಿಯಲ್ಲೇ ನಿಂತುಬಿಟ್ಟ. ಅಷ್ಟು ದಪ್ಪ ಟೈರು, ಇಷ್ಟು ಹಗುರ! ತೀರ್ಥಹಳ್ಳಿ ಬರುವವರೆಗೆ ಟಿಕೆಟ್ ಕೊಡುವುದನ್ನು ಮರೆತು ಆ ಮನುಷ್ಯನ ಪಕ್ಕ ಕೂತು ಪ್ರಶ್ನೆ ಕೇಳಿದ. ಟೈರಿನೊಳಗೆ ಟ್ಯೂಬೇ ಇಲ್ಲವೆಂದಾಗ ನಂಬಲಿಲ್ಲ. “ನಮ್ ಕಡೆ ಬಿದಿರುಮುಳ್ಳಿಗೆ ಲಾರಿ ಟೈರೇ ತಡಿಯಲ್ಲ, ಸುಮ್ನಿರಿ ಸಾರ್” ಎಂದ.

ಮುಂದಿನ ಬೇಸಿಗೆಗೆ ಒಂದು ಹಳೇ ಮೌಂಟನ್ ಬೈಕ್ ಅವನ ಮನೆಯಂಗಳದಲ್ಲಿತ್ತು. ಅದನ್ನು ಟ್ಯೂಬ್‌ಲೆಸ್ ಮಾಡಲು ಜೊತೆಗೆ ಕೂತವನು ಹರ್ಷವರ್ಧನ. ತೀರ್ಥಹಳ್ಳಿ ಕಡೆಯವನು, ಹೊಸನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ, ದಿನಾ ಅದೇ ಬಸ್ಸಿಗೆ ಬರುತ್ತಿದ್ದ. ಇಬ್ಬರೂ ಸೇರಿ ಮಾಡದ ತಪ್ಪಿಲ್ಲ. ರಿಮ್ಮಿನ ತೂತುಗಳನ್ನು ಮುಚ್ಚಲು ಕರೆಂಟಿನವರ ಕಪ್ಪು ಟೇಪ್ ಸುತ್ತಿದರು. ಬೆಳಗಾಗುವುದರೊಳಗೆ ಬಿಟ್ಟುಕೊಂಡಿತು. ಸ್ಕೂಟರಿನ ವಾಲ್ವ್ ತೂರಿಸಲು ಹೋಗಿ, ತೂತು ಸಣ್ಣದೆಂದು ಡ್ರಿಲ್ ಹೊಡೆದು, ಒಂದು ರಿಮ್ಮನ್ನೇ ಹಾಳುಮಾಡಿದರು. ಟೈರಿನೊಳಗೆ ಸೀಲೆಂಟ್ ಹುಯ್ಯಬೇಕು, ಮುಳ್ಳು ಚುಚ್ಚಿದ ತೂತಿಗೆ ಅದು ತಾನಾಗಿ ನುಗ್ಗಿ ಹೆಪ್ಪುಗಟ್ಟುತ್ತದೆ, ಅದನ್ನು ಮಾಡುವುದು ರಬ್ಬರ್ ಹಾಲಿನಿಂದ ಎಂದು ಎಲ್ಲೋ ಓದಿದ್ದೇ ತಡ, ಪರಿಚಯದವರ ರಬ್ಬರ್ ತೋಟದಿಂದ ಒಂದು ಬಾಟಲಿ ಹಸಿ ಹಾಲು ತಂದು ಸುರಿದರು. ಮಾರನೇ ದಿನ ಚಕ್ರ ತಿರುಗಿಸಿದರೆ ಒಳಗೆ ಡಬ ಡಬ ಸದ್ದು. ಬಿಚ್ಚಿದರೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ರಬ್ಬರ್ ಉಂಡೆ.

“ಮೊಟ್ಟೆ ಇಟ್ಟದೆ ಮಾರಾಯ ನಿನ್ ಸೈಕಲ್ಲು” ಎಂದ ಹರ್ಷವರ್ಧನ.

“ಕಾವಿಗೆ ನೀನೇ ಕೂತ್ಕ” ಎಂದ ಯೋಗರಾಜ್.

ಎರಡನೇ ಸಲ ಹಾಲು ಹೆಪ್ಪುಗಟ್ಟದಿರಲೆಂದು ಅಮೋನಿಯ ಬೆರೆಸಿ ತಂದರು. ಸ್ವಪ್ನಾ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಳು. “ಮನೆ ಒಳಗೆ ಎಮ್ಮೆ ಕೊಟ್ಟಿಗೆ ವಾಸ್ನೆ. ಒಂದಾ ಆ ಬಾಟ್ಲಿ ಹೊರಗೆ, ಇಲ್ಲಾ ನೀವಿಬ್ರೂ ಹೊರಗೆ.” ಬಾಟಲಿ ಹಿಡಿದುಕೊಂಡು ಇಬ್ಬರೂ ಹೊರಗೆ ಹೋದರು.

ಹೀಗೆ ಕೆಡಿಸಿ ಕೆಡಿಸಿಯೇ ಕಲಿತರು. ಸೈಕಲ್ಲಿನಲ್ಲಿ ಟ್ಯೂಬ್ ತೆಗೆದರೆ ಅದು ಮಾಡುತ್ತಿದ್ದ ಕೆಲಸವನ್ನು ಉಳಿದ ಪ್ರತಿಯೊಂದೂ ಹಂಚಿಕೊಳ್ಳಬೇಕು. ಟೇಪ್ ರಿಮ್ಮಿನ ಅಗಲಕ್ಕೆ ಸರಿಯಾಗಿರಬೇಕು, ವಾಲ್ವಿನ ಬುಡ ತೂತಿಗೆ ಕಚ್ಚಬೇಕು. ಎಲ್ಲಕ್ಕಿಂತ ಹೆಚ್ಚಾಗಿ ರಿಮ್ಮಿಗೂ ಟೈರಿಗೂ ಹೊಂದಬೇಕು. ರಿಮ್ಮಿನೊಳಗೆ ಎರಡೂ ಬದಿಗೆ ಸಣ್ಣ ಮೆಟ್ಟಿಲಿನಂಥ ಅಂಚು ಇರುತ್ತದೆ. ಟ್ಯೂಬ್‌ಲೆಸ್‌ಗೆಂದೇ ಮಾಡಿದ ಟೈರಿನ ಬಾಯಿ ಬಿಗಿ. ಕಂಪ್ರೆಸರಿನ ಗಾಳಿಗೆ ಪಟ್ ಎಂದು ಆ ಮೆಟ್ಟಿಲು ಹತ್ತಿ ಕೂತರೆ ಮತ್ತೆ ಇಳಿಯುವುದಿಲ್ಲ. ಟ್ಯೂಬ್ ಹಾಕುವ ಟೈರಿಗೂ ನಂಬರ್ ಅದೇ, ನೋಟ ಅದೇ, ಆದರೆ ಬಾಯಿ ಸಡಿಲ. ನಿಲ್ಲಿಸಿದಲ್ಲಿ ಗಾಳಿ ಹಿಡಿಯುತ್ತದೆ. ಇಳಿಜಾರಿನ ತಿರುವಿನಲ್ಲಿ ಮೈಭಾರ ಒಂದು ಬದಿಗೆ ಬಿದ್ದ ಕೂಡಲೇ ಮೆಟ್ಟಿಲಿಂದ ಜಾರಿ, ಇದ್ದಷ್ಟೂ ಗಾಳಿಯನ್ನು ಒಂದೇ ತೇಗಿಗೆ ಕಕ್ಕಿಬಿಡುತ್ತದೆ.

ಇದನ್ನು ಅವರು ಕಲಿತದ್ದು ಹರ್ಷವರ್ಧನ ಬಿದ್ದ ದಿನ. ಅವನ ಮೊಣಕೈ ಮೇಲೆ ಹೊಲಿಗೆಯ ಗುರುತು ಇವತ್ತಿಗೂ ಇದೆ. ನನಗೆ ಗೊತ್ತಿರಲಿಲ್ಲ ಎಂದು ಅವನು ಪೊಲೀಸರಿಗೆ ಹೇಳಿದ್ದಾನೆ. ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಿ ಹೇಳಿರಬೇಕು.

ಬಸ್ಸಿನ ಕೆಲಸ ಹೋದ ಮೇಲೆ ಇಬ್ಬರೂ ಸೇರಿ ಕ್ಯಾಂಪ್ ಶುರು ಮಾಡಿದರು. ಹೊಸನಗರದಿಂದ ಒಳಗೆ, ಹಿನ್ನೀರಿನ ಅಂಚಿನಲ್ಲಿ ಜಾಗ ಹಿಡಿದದ್ದು ಹರ್ಷವರ್ಧನ. ಸೈಕಲ್ಲು, ದಾರಿ, ಜನರನ್ನು ಕರೆದೊಯ್ದು ಕರೆತರುವುದು ಯೋಗರಾಜನದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕಾಡಿನ ಇಳಿಜಾರು ಮುಗಿದಲ್ಲಿ ಮೈಲಿಗಟ್ಟಲೆ ಬೋಳು ನೆಲ ತೆರೆದುಕೊಳ್ಳುತ್ತದೆ, ಮುಳುಗಿದ ಮರಗಳ ಬೊಡ್ಡೆಗಳು ಎದ್ದು ನಿಲ್ಲುತ್ತವೆ. ಅಲ್ಲಿ ಸೈಕಲ್ ಹೊಡೆಯಲು ಜನ ದೂರದಿಂದ ಬರುತ್ತಿದ್ದರು. ಯಾರನ್ನೇ ಆಗಲಿ ಚಕ್ರ ಮುಟ್ಟಿ ನೋಡದೆ ಯೋಗರಾಜ್ ಹೊರಡಿಸಿದವನಲ್ಲ. ಬೈದೇ ಹೆಲ್ಮೆಟ್ ಹಾಕಿಸುತ್ತಿದ್ದ. ಬೈಸಿಕೊಂಡವರೇ ಮರುವರ್ಷ ಫೋನ್ ಮಾಡಿ, “ಯೋಗಣ್ಣ ಇದಾರಾ?” ಎಂದು ಕೇಳಿ ಬರುತ್ತಿದ್ದರು.

ಈ ಬೇಸಿಗೆಗೆ ಮೊದಲಿನ ಟೈರುಗಳು ಸವೆದವು. ಅಂಥವೇ ಬೇಕು ಎಂದು ಯೋಗರಾಜ್ ಹೇಳಿ ಕಳಿಸಿದ. ಶುಕ್ರವಾರ ಹರ್ಷವರ್ಧನ ತಂದ ಪೊಟ್ಟಣ ಬಿಚ್ಚಿದರೆ ಬೇರೆಯೇ ಟೈರು.

“ಸೈಜ್ ಅದೇ ಅದೆ, ನೋಡಾ. ನೀ ಹೇಳಿದ್ ನಂಬರೇ.”

“ನಂಬರ್ ಓದಕ್ಕೆ ನಂಗೂ ಬರ್ತದೆ. ಟ್ಯೂಬ್‌ಲೆಸ್ ಅಂತ ಎಲ್ಲಿ ಬರ್ದದೆ, ಅದ್ನ ತೋರ್ಸು.”

“ಅದು ಸಿಗ್ಲಿಲ್ಲ ಮಾರಾಯ. ಬರಕ್ಕೆ ಇನ್ನೂ ಹದಿನೈದು ದಿನ ಅಂತೆ. ನಾಡಿದ್ದೇ ಜನ ಬರ್ತಾರೆ.”

“ಹಂಗಾರೆ ಟ್ಯೂಬ್ ಹಾಕನ.”

“ಟ್ಯೂಬಾ? ಹ್ವಾದ್ ವರ್ಷ ಆ ತಂಡಕ್ಕೆ ಟ್ಯೂಬ್ ಹಾಕಿ ಎಂತ ಆತು? ಎಲ್ರೂ ಪಂಚರ್ರು. ಕಾಡಿಂದ ತಳ್ಕೊಂಡು ಬಂದು ನೆಟ್ಟಲ್ಲಿ ಎಂತೆಂತ ಬರೆದ್ರು, ಮರೀತಾ?”

“ತಳ್ಕೊಂಡು ಬಂದ್ರಲ,” ಎಂದ ಯೋಗರಾಜ್. “ಬಂದ್ರು.”

ಆಮೇಲೆ ಒಂದು ಟೈರನ್ನು ತೆಗೆದು ರಿಮ್ಮಿಗೆ ಏರಿಸಿದ. ಯಾವ ಸಲಾಕೆಯೂ ಬೇಕಾಗಲಿಲ್ಲ, ಬರಿಗೈಯಲ್ಲೇ ಹೋಯಿತು. ಅದನ್ನು ಹರ್ಷವರ್ಧನನ ಮುಖದ ಮುಂದೆ ಹಿಡಿದು, ಬರಿಗೈಯಲ್ಲೇ ಕಿತ್ತ. ಮತ್ತೆ ಏರಿಸಿದ, ಮತ್ತೆ ಕಿತ್ತ. “ನೋಡಿದ್ಯಾ? ಬಳೆ ಹಾಕಿ ತೆಗದಂಗೆ! ಇದ್ರ ಮೇಲೆ ನಿನ್ ಮಗಳನ್ನ ಕೂರಸ್ತೀಯಾ?” ಶೆಡ್ಡಿನ ತಗಡು ನಡುಗುವಂತೆ ಕೂಗಿದ. ಹರ್ಷವರ್ಧನ ಫೋನ್ ಕಿವಿಗೆ ಹಿಡಿದು ಆಚೆ ಹೋದ.

ಶನಿವಾರ ಯೋಗರಾಜ್ ಮೋಟಾರ್ ಬೈಕ್ ತೆಗೆದುಕೊಂಡು ಸಾಗರ, ತೀರ್ಥಹಳ್ಳಿ ಎರಡೂ ಕಡೆ ತಿರುಗಿದ. ಎಲ್ಲೂ ಬೇಕಾದ ಟೈರ್ ಇರಲಿಲ್ಲ. ಟ್ಯೂಬುಗಳನ್ನು ಹೆಗಲಿಗೆ ಹಾಕಿಕೊಂಡು ಸಂಜೆ ವಾಪಸ್ ಬಂದರೆ, ಶೆಡ್ಡಿನ ಮುಂದೆ ಹತ್ತೂ ಸೈಕಲ್ಲು ಹೊಸ ಟೈರಿನಲ್ಲಿ ಸಾಲಾಗಿ ನಿಂತಿದ್ದವು. ಒಳಗೆ ಸೀಲೆಂಟ್ ಹುಯ್ದು, ಕಂಪ್ರೆಸರಿನಲ್ಲಿ ಗಾಳಿ ತುಂಬಿಸಿ, ಹರ್ಷವರ್ಧನ ಎಲ್ಲ ಮುಗಿಸಿದ್ದ.

“ಬೆಳಗ್ಗಿಂದ ಗಾಳಿ ಕೂದಲಷ್ಟೂ ಇಳೀಲಿಲ್ಲ. ಸುಮ್ನೆ ಕೂಗಾಡಿದ್ಯಲ್ಲ.”

“ನಿಂತ್ ಸೈಕಲ್ಲಲ್ಲಿ ಗಾಳಿ ನಿಲ್ಲದೆ ಎಂತ ಆಗ್ತದಾ? ಮನೇಲಿ ಫೋಟೋಕ್ಕೆ ಇಟ್ಕ ಇದನ್ನ!”

ಆ ರಾತ್ರಿಯೇ ಇಪ್ಪತ್ತೂ ಚಕ್ರಗಳಿಗೆ ಟ್ಯೂಬ್ ತುರುಕಿ ಮಲಗಬಹುದಿತ್ತು. ಗಾಳಿ ಬಿಟ್ಟು, ವಾಲ್ವುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಬರಬಹುದಿತ್ತು. ಹೆಡ್ಡ, ಅದನ್ನು ಮಾಡಲಿಲ್ಲ. ಇಷ್ಟು ವರ್ಷದ ಗೆಳೆಯ, ಬೆಳಗಾದರೆ ಸರಿಯಾಗುತ್ತಾನೆ ಎಂದುಕೊಂಡ. ಟ್ಯೂಬುಗಳನ್ನು ಅವನ ಕಣ್ಣಿಗೆ ಬೀಳುವಂತೆ ಬಾಗಿಲಿಗೆ ತೂಗುಹಾಕಿ ಹೋಗಿ ಮಲಗಿದ.

ಭಾನುವಾರ ಬಂದವರು ದಾವಣಗೆರೆಯ ಒಂದು ಆಫೀಸಿನ ಜನ. ಹೆಲ್ಮೆಟ್ ಹಾಕಿಕೊಂಡು ಫೋಟೋ ತೆಗೆದುಕೊಳ್ಳುತ್ತಿದ್ದರು. ಅಡುಗೆಯವರು ಅವರಿಗೆಂದು ಅಂಗಳದಲ್ಲಿ ಹಲಸಿನಹಣ್ಣು ಕೊಯ್ಯುತ್ತಿದ್ದರು. ಯೋಗರಾಜ್ ಸೈಕಲ್ ಸಾಲಿನ ಮುಂದೆ ಕೈ ಅಡ್ಡ ಹಿಡಿದು ನಿಂತ. ಒಂದೂ ಹೊರಡುವುದಿಲ್ಲ ಎಂದ. ಜನರ ಮುಂದೆಯೇ ಜಗಳ ಶುರುವಾಯಿತು.

“ಅಣ್ಣಾ, ನಾವ್ ಹೋಗೂದಾ ಬ್ಯಾಡ್ವಾ? ಬಿಸಿಲೇರಾಕತ್ತೈತಿ” ಎಂದಳು ಒಬ್ಬಳು.

“ಬ್ಯಾಡ ತಂಗಿ. ಹಲಸಿನ್ಹಣ್ಣು ತಿಂದು, ನೀರು ನೋಡ್ಕಂಡು ಹೋಗಿ.”

ಹರ್ಷವರ್ಧನ ನಕ್ಕ. ಆ ನಗು ಜನರಿಗಾಗಿ ನಕ್ಕದ್ದು. “ನಮ್ಮ ಯೋಗಣ್ಣಂಗೆ ಈಚೆಗೆ ಹೆದರಿಕೆ ಜಾಸ್ತಿ. ಒಂದು ಕೆಲ್ಸ ಮಾಡು ಮಾರಾಯ, ನೀನೇ ಒಂದ್ಸಲ ಇಳ್ದು ಬಾ. ಟೈರ್ ರಿಮ್ಮಿಂದ ಎದ್ರೆ ಇವ್ರನ್ನ ಕಳಿಸಲ್ಲ. ಏಳದಿದ್ರೆ ನಿನ್ ಬಾಯಿ ಬಂದ್.”

“ಎದ್ರೆ ಕಳಿಸಲ್ಲ?”

“ಕಳಿಸಲ್ಲ. ಆಣೆ.”

ಎಲ್ಲರೂ ಕೇಳಿಸಿಕೊಂಡ ಮಾತು ಅದು. ಯೋಗರಾಜ್ ಸಾಲಿನ ಮೊದಲ ಸೈಕಲ್ಲನ್ನೇ ಎಳೆದುಕೊಂಡ. ನಿಧಾನಕ್ಕೆ ಇಳಿದು, ಕಾಲು ಕೊಟ್ಟು, ಟೈರು ಎದ್ದಿತೆಂದು ನಾಟಕವಾಡಬಹುದಿತ್ತು. ಅವನಿಗೆ ಅದೂ ಗೊತ್ತಿರಲಿಲ್ಲ. ಬಂದವರು ಯಾವ ವೇಗದಲ್ಲಿ ಇಳಿಯುತ್ತಾರೋ ಅದೇ ವೇಗದಲ್ಲಿ ಇಳಿದ. ಕಾಡು ಮುಗಿದು ಬೋಳು ನೆಲ ಶುರುವಾಗುವ ತಿರುವಿನಲ್ಲಿ ಮುಂದಿನ ಟೈರು ರಿಮ್ಮಿಂದ ಕಳಚಿತು. ಹ್ಯಾಂಡಲ್ ಅಡ್ಡ ತಿರುಗಿತು. ಮೇಲಿದ್ದವರಿಗೆ ಕೇಳಿಸಿದ್ದು ಗಾಳಿ ಹೋದ ಒಂದು ಸದ್ದು, ಆಮೇಲೆ ದಾರಿ ಬದಿಯ ಜಂಬಿಟ್ಟಿಗೆಯ ದರೆಗೆ ಏನೋ ಬಡಿದ ಸದ್ದು.

ಅವನು ತಾನೇ ಎದ್ದ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ನೇತಾಡುವ ಟೈರಿನ ಸಮೇತ, ಇಳಿಜಾರು ಹತ್ತಿ ಬಂದ. ಮೈಯೆಲ್ಲ ಕೆಮ್ಮಣ್ಣು. ಒಂದು ಕೈ ಹೊಟ್ಟೆಯ ಎಡಬದಿಗೆ ಒತ್ತಿಕೊಂಡಿದ್ದ. “ಎಂತ ಆಗ್ಲಿಲ್ಲ, ಎಂತ ಆಗ್ಲಿಲ್ಲ” ಎಂದು, ನೀರು ಹಿಡಿದು ಬಂದವರನ್ನು ಸರಿಸಿದ. ಸೈಕಲ್ಲನ್ನು ಹರ್ಷವರ್ಧನನ ಕಾಲ ಬಳಿ ಇಳಿಸಿದ.

“ಎತ್ತು. ನೋಡು. ಈಗ ಎಂತ ಹೇಳ್ತೆ?”

ಹರ್ಷವರ್ಧನ ಟೈರನ್ನು ನೋಡಿದ. ಆಮೇಲೆ ಬಂದಿದ್ದ ಜನರನ್ನು ನೋಡಿದ. “ಇದ್ರಲ್ಲಿ ಗಾಳಿ ಕಮ್ಮಿ ಇತ್ತು” ಎಂದ. “ಒಂಚೂರು ಜಾಸ್ತಿ ಹೊಡೆದ್ರೆ ಎಂತದೂ ಆಗಲ್ಲ.” ಹಾಗೆ ಹೇಳಿ ಶೆಡ್ಡಿನಿಂದ ಪಂಪ್ ತಂದು, ಎರಡನೇ ಸೈಕಲ್ಲಿಗೆ ಗಾಳಿ ಹೊಡೆಯಲು ಬಗ್ಗಿದ. ಆಣೆ ಹಾಕಿ ಅರ್ಧ ಗಂಟೆ ಆಗಿರಲಿಲ್ಲ.

ಯೋಗರಾಜ್ ಕೂಗಲಿಲ್ಲ. ಅವನು ಕೂಗದೇ ಇದ್ದದ್ದನ್ನು ಅಲ್ಲಿದ್ದ ಅಡುಗೆಯವರು ಅದೇ ಮೊದಲು ಕಂಡದ್ದು. ಅಂಗಳ ದಾಟಿ ಹೋಗಿ, ಹಲಸು ಕೊಯ್ಯುತ್ತಿದ್ದವರ ಕೈಯಿಂದ ಕತ್ತಿ ತೆಗೆದುಕೊಂಡ. ಮೇಣ ಅಂಟದಿರಲೆಂದು ಅದಕ್ಕೆ ಕೊಬ್ಬರಿ ಎಣ್ಣೆ ಸವರಿತ್ತು, ಹಿಡಿ ಜಾರುತ್ತಿತ್ತು. ಅಂಗಿಯ ಚುಂಗಿನಿಂದ ಹಿಡಿಯನ್ನು ಒರೆಸಿಕೊಂಡ. ಹರ್ಷವರ್ಧನ ಬಗ್ಗಿದ್ದ ಸೈಕಲ್ಲಿನ ಬಳಿ ಬಂದು, ಅವನ ಕೈಯನ್ನು ಮೆಲ್ಲನೆ ಪಂಪಿನಿಂದ ಬಿಡಿಸಿ, ಟೈರಿನ ಪಕ್ಕೆಯನ್ನು ಗೇಣುದ್ದ ಸೀಳಿದ. ಬಿಳಿ ಸೀಲೆಂಟ್ ಇಬ್ಬರ ಮುಖಕ್ಕೂ ಚಿಮ್ಮಿತು.

“ಏಯ್! ಹುಚ್ಚು ಹಿಡ್ತನಾ ನಿಂಗೆ?”

ಯೋಗರಾಜ್ ಹಿಂದಿನ ಟೈರನ್ನೂ ಸೀಳಿ ಮುಂದಿನ ಸೈಕಲ್ಲಿಗೆ ಹೋದ. ಅದು ಮುಗಿಸಿ ಅದರಾಚೆಯದಕ್ಕೆ. ಹಿಡಿಯಲು ಬಂದ ಹರ್ಷವರ್ಧನನನ್ನು ಬಂದಿದ್ದ ಜನರೇ ಹಿಡಿದು ನಿಲ್ಲಿಸಿದರು. ಸಾಲಿನ ನಡುವೆ ಯೋಗರಾಜ್ ಒಮ್ಮೆ ನಿಂತು, ಸೀಟಿಗೆ ಕೈಯೂರಿ, ಉಸಿರು ಎಳೆದುಕೊಂಡ. ಮುಖ ಬಿಳಿಚಿತ್ತು, ಬೆವರು ಧಾರೆಯಾಗಿ ಇಳಿಯುತ್ತಿತ್ತು. “ಸಾಕು ಕೂತ್ಕಳಿ ಯೋಗಣ್ಣ” ಎಂದು ಯಾರೋ ಅಂದರು. ಇನ್ನೂ ಗಾಳಿ ಇರುವ ಟೈರುಗಳ ಕಡೆ ಕತ್ತಿ ತೋರಿಸಿ ಮುಂದೆ ಹೋದ.

ಕೊನೆಯ ಸೈಕಲ್ಲಿಗೆ ಬರುವಾಗ ನಿಲ್ಲಲಾಗದೆ ಮಣ್ಣಿನ ಮೇಲೆ ಕೂತ. ಕೂತೇ ಮುಂದಿನ ಚಕ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಸೀಳಿದ. ಹಿಂದಿನದಕ್ಕೆ ಕೈ ನಿಲುಕಲಿಲ್ಲ. ಕುಂಡೆಯೂರಿಕೊಂಡೇ ಸರಿದ. ಮೊದಲ ಸಲ ಕತ್ತಿ ಜಾರಿತು. ಎರಡೂ ಕೈಯಲ್ಲಿ ಹಿಡಿದು, ಅದರ ಮೇಲೆ ಮೈಭಾರ ಹಾಕಿ ಒತ್ತಿದ. ಗಾಳಿ ಪೂರ್ತಿ ಹೊರಗೆ ಹೋಗಿ ರಿಮ್ಮು ನೆಲಕ್ಕೆ ತಾಗುವವರೆಗೂ ಕತ್ತಿಯನ್ನು ಹೊರಗೆ ತೆಗೆಯಲಿಲ್ಲ.