ಹೊಸ್ತಿಲ ಒಳಗಿನ ಮಾತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಕನ್ನಡವನ್ನೇ ಆಡಬೇಕು. ನಿಯಮ ಮಾಡಿದವರು ಅಪ್ಪ. ಧಾರವಾಡದಿಂದ ಹೊರಟು, ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಉತ್ತರಕ್ಕಿರುವ ಒಂದು ಸಣ್ಣ ಊರಿಗೆ ಅವರು ಶಿಕ್ಷಕರಾಗಿ ಬಂದಿದ್ದರು.

ಅಪ್ಪ ಕಲಿಸುತ್ತಿದ್ದ ಶಾಲೆಯಲ್ಲೂ ಒಂದು ನಿಯಮವಿತ್ತು. ಅದು ಆ ನೆಲದ ಮೂಲನಿವಾಸಿಗಳ ಮಕ್ಕಳಿಗಾಗಿ ನಡೆಸುತ್ತಿದ್ದ ವಸತಿಶಾಲೆ. ಕ್ರೀ ಭಾಷೆಯ ಮಕ್ಕಳನ್ನು ತಂದೆತಾಯಿಯರ ಕೈಯಿಂದ ಬಿಡಿಸಿ ತಂದು, ಕೂದಲು ಕತ್ತರಿಸಿ ಅಲ್ಲಿರಿಸುತ್ತಿದ್ದರು. ತಮ್ಮ ಭಾಷೆಯಲ್ಲಿ ಒಂದು ಪದ ಆಡಿದರೂ ಅಂಗೈಗೆ ಅಡಿಪಟ್ಟಿಯ ಏಟು. ಕಾನೂನು ಮಾಡಿದ್ದು ಸರ್ಕಾರ, ಶಾಲೆ ನಡೆಸಿದ್ದು ಚರ್ಚು, ಏಟು ಕೊಟ್ಟವರು ಶಿಕ್ಷಕರು. ಆ ಶಿಕ್ಷಕರಲ್ಲಿ ಅಪ್ಪನೂ ಒಬ್ಬರು. ಮೊಮ್ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪರರ ತಪ್ಪನ್ನು ಗಟ್ಟಿಯಾಗಿ ಹೇಳಿ ನಮ್ಮವರ ತಪ್ಪನ್ನು ಮೆಲ್ಲಗೆ ಹೇಳುವುದೂ ಒಂದು ಅನ್ಯಾಯವೇ.

ಆಗ ನನಗೆ ಎಂಟು ವರ್ಷ, ಇದೊಂದೂ ಗೊತ್ತಿರಲಿಲ್ಲ. ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಅವ್ವ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದಳು, ಅಪ್ಪ ಅಂಗಡಿಗೆ. ಕಿಟಕಿಯ ಗಾಜಿನ ಒಳಮೈಗೂ ಹಿಮ ಕಟ್ಟಿತ್ತು. ಹನ್ನೆರಡು ವರ್ಷದ ಅಕ್ಕ ಸಾರಿಗೆ ಒಗ್ಗರಣೆ ಹಾಕಿದ್ದಳು. ಇಂಗಿನ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲನ್ನು ಯಾರೋ ಕೆರೆದ ಸದ್ದಾಯಿತು.

ಬಾಗಿಲಲ್ಲಿ ನನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ನಿಂತಿದ್ದಳು. ಮೈಮೇಲೆ ಶಾಲೆಯ ಬೂದು ಬಣ್ಣದ ಸ್ವೆಟರ್, ಕಾಲಿಗೆ ತೆಳ್ಳನೆಯ ಕ್ಯಾನ್ವಾಸ್ ಬೂಟು, ರೆಪ್ಪೆಗಳ ಮೇಲೆ ಹಿಮದ ಹರಳು. ಅಕ್ಕ ಏನನ್ನೂ ಕೇಳದೆ ಅವಳನ್ನು ಒಳಗೆಳೆದು, ಕಂಬಳಿ ಸುತ್ತಿ, ಒಲೆಯ ಬಳಿ ಕೂರಿಸಿ ಬಿಸಿ ಅನ್ನಸಾರು ಕೊಟ್ಟಳು. ಸರೋವರದ ಆಚೆ ದಂಡೆಯಲ್ಲಿರುವ ಅಜ್ಜಿಯ ಬಳಿಗೆ ಹೋಗುತ್ತಿದ್ದೇನೆ ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಹಾಗೆ ತಪ್ಪಿಸಿಕೊಂಡು ಹೊರಟ ಮಕ್ಕಳಲ್ಲಿ ಕೆಲವರು ಹಿಮದಲ್ಲೇ ಸತ್ತಿದ್ದರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಸಾರಿನ ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ತಂಬಿಗೆ ತೋರಿಸಿ "ನಿಪಿ" ಎಂದಳು. ಅಕ್ಕ ನೀರು ಕೊಟ್ಟಳು. ಹೊಸ ಪದ ಸಿಕ್ಕ ಸಂಭ್ರಮದಲ್ಲಿ ನಾನು "ನಿಪಿ, ನಿಪಿ" ಎಂದು ಕುಣಿದೆ. ಅವಳೂ ನಕ್ಕು ಮತ್ತೆ ಹೇಳಿಕೊಟ್ಟಳು.

ಅದೇ ಹೊತ್ತಿಗೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡರು. ಅವರನ್ನು ಕಂಡದ್ದೇ ಹುಡುಗಿ ತಟ್ಟೆಯನ್ನು ಕೆಳಗಿಟ್ಟಳು. ಎದ್ದು ನಿಂತಳು. ಯಾರೂ ಏನನ್ನೂ ಹೇಳಿರಲಿಲ್ಲ. ಎರಡೂ ಅಂಗೈಗಳನ್ನು ತಾನಾಗಿಯೇ ಅಪ್ಪನ ಮುಂದೆ ಚಾಚಿದಳು.

ಅಕ್ಕ ಆ ಕೈಗಳನ್ನು ನೋಡಿದಳು, ಆಮೇಲೆ ಅಪ್ಪನ ಮುಖವನ್ನು.

"ನೀನೂ ಹೊಡೀತೀಯೇನಪ್ಪಾ?"

ಅಷ್ಟರಲ್ಲಿ ಮುಂಬಾಗಿಲ ಕಡೆ ಟ್ರಕ್ಕು ನಿಂತ ಸದ್ದು ಕೇಳಿತು. ಅಕ್ಕ ಹುಡುಗಿಯನ್ನು ಅಕ್ಕಿಚೀಲಗಳ ಹಿಂದೆ ಕೂರಿಸಿ ಮೇಲೆ ಕಂಬಳಿ ಎಳೆದಳು.

ಬಂದವರು ಶಾಲೆಯ ಮುಖ್ಯಸ್ಥರು. ಬಾಗಿಲನ್ನು ಪೂರ್ತಿ ಮುಚ್ಚದೆ ಹೊಸ್ತಿಲ ಒಳಗೆ ನಿಂತು, ಒಬ್ಬಳು ಕಾಣೆಯಾಗಿದ್ದಾಳೆ, ಗಾಳಿಗೆ ಹೆಜ್ಜೆ ಗುರುತೂ ಅಳಿಸಿಹೋಗಿದೆ ಎಂದರು. ಅಪ್ಪನ ಪಕ್ಕದಲ್ಲಿ ನಾನಿದ್ದೆ. ಮುಖ್ಯಸ್ಥರು ನನ್ನೆದುರು ಬಾಗಿದರು. ತಂಬಾಕು ಮತ್ತು ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹುಡುಗಿಯನ್ನು ನೋಡಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸುಳ್ಳು ಹೇಳಬಾರದೆಂದು ಅಪ್ಪನೇ ಕಲಿಸಿದ್ದರು. ನಾವಿದ್ದದ್ದು ಹೊಸ್ತಿಲ ಒಳಗೆ. ಎರಡು ನಿಯಮಗಳನ್ನೂ ಪಾಲಿಸಿ ನಾನೆಂದೆ:

"ಆಕಿ ಅಡಿಗಿಮನ್ಯಾಗ ಅದಾಳ್ರೀ."

ಮುಖ್ಯಸ್ಥರು ಅಪ್ಪನ ಕಡೆ ತಿರುಗಿ, ಏನೆನ್ನುತ್ತಾಳೆ ಎಂದು ಕೇಳಿದರು. ಆ ಶಾಲೆಯ ಕೆಲಸವೇ ನಮ್ಮನ್ನು ಆ ದೇಶದಲ್ಲಿ ಉಳಿಸಿತ್ತು. ಒಳಗೆ ಅನ್ನದ ಪಾತ್ರೆಯ ಮುಚ್ಚಳ ಟಕಟಕ ಕುಣಿಯುತ್ತಿತ್ತು. ಅಪ್ಪ ನನ್ನನ್ನೇ ನೋಡುತ್ತ ನಿಂತರು. ಅಷ್ಟು ಹೊತ್ತು ಅವರು ನನ್ನನ್ನು ನೋಡಿದ್ದು ಅದೊಂದೇ ಸಲ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು: "ಚಳಿ ಬರುತ್ತಿದೆ, ಬಾಗಿಲು ಹಾಕಿ ಎನ್ನುತ್ತಾಳೆ."

ಮುಖ್ಯಸ್ಥರು ನಕ್ಕರು. "ಮೇಷ್ಟ್ರೇ, ಮೊದಲು ನಿಮ್ಮ ಮನೆಯಲ್ಲಿ ಇಂಗ್ಲಿಷ್ ಪಾಠ ಶುರುಮಾಡಿ," ಎಂದು ಹೇಳಿ ಹೋದರು. ನಾನು ಹೇಳಿದ್ದು ಅದಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ತೋಳು ಚಿವುಟಿದಳು.

ಕತ್ತಲಾಗುವ ಮುನ್ನ ಅಪ್ಪ ಆ ಹುಡುಗಿಗೆ ನನ್ನ ಕೋಟು ತೊಡಿಸಿ, ಸರೋವರವನ್ನು ಬಳಸಿ ಹೋಗುವ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋಗಿ, ಅವಳ ಅಜ್ಜಿಯ ಮನೆಗೆ ಬಿಟ್ಟುಬಂದರು.

ಕಥೆ ಇಲ್ಲಿಗೇ ನಿಂತಿದ್ದರೆ ಅಪ್ಪ ವೀರರಾಗುತ್ತಿದ್ದರು. ಸೋಮವಾರ ಅವರು ಅದೇ ಶಾಲೆಗೆ ಹೋದರು. ಕ್ರಿಸ್‌ಮಸ್‌ಗೆ ಮುಂಚೆಯೇ ಪೊಲೀಸರು ಆ ಹುಡುಗಿಯನ್ನು ಮತ್ತೆ ಎಳೆತಂದರು. ಮಕ್ಕಳನ್ನು ಕಳಿಸದ ಹಿರಿಯರಿಗೆ ಶಿಕ್ಷೆಯಾಗುತ್ತಿತ್ತು. ಅಪ್ಪ ಇನ್ನೂ ಎರಡು ವರ್ಷ ಅಲ್ಲೇ ಕಲಿಸಿದರು. ಆ ಸಂಬಳದ ಅನ್ನವನ್ನು ನಾವೆಲ್ಲ ಉಂಡೆವು. ಎಷ್ಟೋ ವರ್ಷಗಳ ನಂತರ ಆ ದೇಶದ ಸರ್ಕಾರ ಕ್ಷಮೆ ಕೇಳಿತು. ಅಪ್ಪ ಕೇಳಲಿಲ್ಲ. ಆ ದಿನದಿಂದ ಅಡಿಪಟ್ಟಿ ಮುಟ್ಟಲಿಲ್ಲ ಎಂದು ಮಾತ್ರ ಒಮ್ಮೆ ಅಂದಿದ್ದರು. ಅಕ್ಕ ಅದನ್ನು ನಂಬಲಿಲ್ಲ. ನಾನು ನಂಬಬೇಕೆಂದುಕೊಂಡಿದ್ದೇನೆ.

ಈಗ ಈಸ್ಟ್ ಬ್ರನ್ಸ್‌ವಿಕ್ ಊರಿನ ನಿಮ್ಮ ಮನೆಯಲ್ಲಿ ಹೊಸ್ತಿಲಿನ ನಿಯಮವಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ನೀವು ಇಂಗ್ಲಿಷಿನಲ್ಲಿ ಉತ್ತರಿಸುತ್ತೀರಿ. ಅಜ್ಜಿ ಏಕೆ ಗದರುವುದಿಲ್ಲ ಎಂದು ನಿಮ್ಮ ಅಮ್ಮನಿಗೆ ಅಸಮಾಧಾನ. ಸಾಕರ್ ತಪ್ಪಿತೆಂದು ಗೊಣಗುತ್ತ ನೀವು ಭಾನುವಾರದ ಕನ್ನಡ ತರಗತಿಗೆ ಹೋಗುತ್ತೀರಿ. ದಾರಿಯಲ್ಲಿ ದಾಟುವ ರಾರಿಟನ್ ನದಿಗೆ ಆ ಹೆಸರಿಟ್ಟ ಮೂಲನಿವಾಸಿಗಳನ್ನೂ ಈ ನೆಲದಿಂದ ಹೊರಗಟ್ಟಲಾಯಿತು. ಅದನ್ನು ನಿಮಗೆ ಕಾರಿನಲ್ಲಿ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಮೊನ್ನೆ ತರಗತಿಯಿಂದ ಬಂದ ನಿಮ್ಮಲ್ಲಿ ಕಿರಿಯವಳು ನನ್ನೆದುರು ನಿಂತು ಎರಡೂ ಅಂಗೈ ಚಾಚಿದಳು. ಒಂದು ಸಾಲನ್ನು ತಪ್ಪಿಲ್ಲದೆ ಓದಿದ್ದಕ್ಕೆ ಟೀಚರ್ ಆಂಟಿ ಒಂದೊಂದು ಕೈಗೂ ಒಂದೊಂದು ನಕ್ಷತ್ರದ ಸ್ಟಿಕ್ಕರ್ ಅಂಟಿಸಿದ್ದರು. ನಾನು ಆ ಕೈಗಳನ್ನು ಹಿಡಿದುಕೊಂಡೆ.

"ಅಜ್ಜಿ, ಟೂ ಟೈಟ್," ಎಂದಳು.

ಬಿಡಬೇಕೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.