ಕಟ್ಟದೆ ಬಿಟ್ಟ ಮೂಲೆ

ಮೊನ್ನೆ ಮಗಳ ಶಾಲೆಚೀಲದ ದಾರ ಹರಿದಿತ್ತು. ಹೊಸ ನೈಲಾನ್ ದಾರ ಪೋಣಿಸಿ, ತುದಿ ಎಳೆ ಬಿಡದಿರಲೆಂದು ಕಡ್ಡಿ ಗೀರಿ ಸುಟ್ಟೆ. ಚಿಟಿಕೆಯಷ್ಟು ಕಪ್ಪು ಹೊಗೆ, ಗಂಟಲಿಗೆ ಹತ್ತುವ ಆ ಕಮಟು, ಅಷ್ಟೇ ಸಾಕಾಯಿತು. ಚಿತ್ತಾಕುಲದ ನಮ್ಮ ಮನೆಯ ಜಗಲಿ, ಅಲ್ಲಿ ಕಾಲು ಚಾಚಿ ಕೂತ ಅಜ್ಜ, ಅವನ ಹೆಬ್ಬೆರಳಿಗೆ ಸಿಕ್ಕಿಸಿದ ಬಲೆ, ತುಟಿಯಲ್ಲಿ ಬೀಡಿ, ಎಲ್ಲ ಒಮ್ಮೆಲೇ ಬಂದು ನಿಂತವು. ಗಂಟು ಹಾಕಿದ ಮೇಲೆ ಅಜ್ಜ ದಾರದ ತುದಿಯನ್ನು ಬೀಡಿಯ ಕೆಂಡಕ್ಕೆ ಒತ್ತಿ ಸುಡುತ್ತಿದ್ದ. ನಿಮ್ಮ ಬಾಲ್ಯಕ್ಕೆ ಮಲ್ಲಿಗೆಯದ್ದೋ ಹೊಸ ಪುಸ್ತಕದ್ದೋ ವಾಸನೆ ಇದ್ದೀತು, ನನಗೆ ಸಿಕ್ಕಿದ್ದು ಇದು. ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಇಷ್ಟು ವರ್ಷ ಕಳೆದರೂ ಇಳಿಯದ ಸಿಟ್ಟು.

ನಾನಾಗ ಎಂಟನೇ ಕ್ಲಾಸು. ಅಣ್ಣ ಸಂತೋಷ ಕಾರವಾರದ ಕಾಲೇಜಿನಲ್ಲಿ ಕೊನೆಯ ವರ್ಷ, ಅಲ್ಲಿಯ ಫುಟ್‌ಬಾಲ್ ತಂಡಕ್ಕೆ ಕ್ಯಾಪ್ಟನ್. ಕ್ಯಾಪ್ಟನ್ ಎಂದರೆ ದೊಡ್ಡ ಸಂಗತಿ ಎಂದುಕೊಳ್ಳಬೇಡಿ. ಕಾಲೇಜಿನ ಮೈದಾನ ಬೆಳಿಗ್ಗೆ ಸಂಜೆ ಕ್ರಿಕೆಟ್‌ನವರದ್ದು, ಮ್ಯಾಚಿನ ದಿನ ಮಾತ್ರ ಇವರದ್ದು. ಹಾಗಾಗಿ ತಂಡದ ಹುಡುಗರೆಲ್ಲ ಕಾಳಿ ಸೇತುವೆ ದಾಟಿ ನಮ್ಮ ಮನೆಗೆ ಬಂದು, ಚಪ್ಪಲಿಗಳನ್ನು ಜಗಲಿಯ ಕೆಳಗೆ ಗುಡ್ಡೆ ಹಾಕಿ, ಸಮುದ್ರದ ನೀರು ಇಳಿದ ಹೊತ್ತು ನೋಡಿಕೊಂಡು ದಂಡೆಯ ಮೇಲೆ ಆಡುತ್ತಿದ್ದರು. ಎಡವಟ್ಟು ಆದದ್ದೇ ಅಲ್ಲಿ. ಮರಳಿನಲ್ಲಿ ಚೆಂಡು ಉರುಳುವುದಿಲ್ಲ, ಕಾಲು ಬೀಸಿ ಎತ್ತಿ ಹೊಡೆಯಬೇಕು. ಅದೇ ಅಭ್ಯಾಸವಾದ ಕಾಲುಗಳು ಗಟ್ಟಿ ನೆಲದ ಮೇಲೆ ಹೊಡೆದರೆ ಚೆಂಡು ಗೋಲ್‌ಕಂಬ ದಾಟಿ, ಬೇಲಿ ದಾಟಿ, ಯಾರದೋ ಹಿತ್ತಲಿನ ಬಾಳೆಗಿಡಕ್ಕೆ ಹೋಗಿ ಬೀಳುತ್ತಿತ್ತು. ಒಂದಾದ ಮೇಲೊಂದು ಆರು ಮ್ಯಾಚು ಸೋತರು. ಒಂದೇ ಒಂದು ಗೋಲು ಹೊಡೆಯಲಿಲ್ಲ. ಸೋತು ಬಂದಾಗಲೆಲ್ಲ ನಮ್ಮಮ್ಮ, ಆಯಿ, ಗಂಜಿ ಬಡಿಸಿ, ಹುರಿದ ಬಂಗಡೆ ಇಟ್ಟು, "ಉಣ್ಣಿ, ಸೋತವ್ರಿಗೆ ಹೊಟ್ಟೆ ಇಲ್ವಾ ಎಂತ?" ಎನ್ನುತ್ತಿದ್ದಳು. ಅವರೂ ನಾಚಿಕೆಯಿಲ್ಲದೆ ಎರಡೆರಡು ಬಂಗಡೆ ತಿನ್ನುತ್ತಿದ್ದರು. ನನಗೆ ಬಾಲದ ತುಂಡು.

ಆ ವರ್ಷದ ಮೊದಲಿಗೆ ಮೈದಾನದ ಸಮುದ್ರದ ಬದಿಯ ಗೋಲ್‌ಬಲೆ ಉಪ್ಪುಗಾಳಿಗೆ ಲಡ್ಡಾಗಿ ಹೋಗಿತ್ತು. ಅಣ್ಣ ಕೇಳಿದ್ದೇ ತಡ, ಅಜ್ಜ ಹಳೆಯ ಮೀನುಬಲೆಗಳನ್ನು ಬಿಚ್ಚಿ ಹೊಸದೊಂದನ್ನು ಹೆಣೆದುಕೊಟ್ಟ. ಅವನ ಕಣ್ಣು ಆಗಲೇ ಮಂಜಾಗಿತ್ತು, ಬಲೆ ಹೆಣೆಯುವ ಸೂಜಿಗೆ ದಾರ ಸುತ್ತಿಕೊಡುವುದು ನನ್ನ ಕೆಲಸ. ಬಲೆಯನ್ನು ಕಂಬಕ್ಕೆ ಬಿಗಿಯಲು ಅವನ ಜೊತೆ ಮೈದಾನಕ್ಕೂ ಹೋದೆ. ಮೇಲಿನಿಂದ ಬಿಗಿಯುತ್ತ ಬಂದವನು ಬಲಗಡೆಯ ಕಂಬದ ಬುಡದಲ್ಲಿ ಎರಡು ಗೇಣಿನಷ್ಟು ಜಾಗ ಕಟ್ಟದೆ ಬಿಟ್ಟ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮೀನಿನ ಹೊಸ ಬಲೆಗೂ ಅವನು ಹಾಗೇ ಮಾಡುತ್ತಿದ್ದ. ಕೊನೆಯ ಮೂಲೆಯ ಗಂಟು ಬಿಟ್ಟೇ ನೀರಿಗಿಳಿಸುವುದು, ಮೊದಲ ಮೀನು ಬಿದ್ದ ಮೇಲೆ ಅದನ್ನು ಕಟ್ಟಿ ಬೀಡಿಯಲ್ಲಿ ಸುಡುವುದು. ಬೇರೆ ಯಾರ ಮನೆಯಲ್ಲಿ ಹೀಗೆ ಮಾಡುತ್ತಿದ್ದರೋ ತಿಳಿಯದು, ನಮ್ಮಜ್ಜನದ್ದು ಇದೊಂದು ಹಟ.

"ಪೂರ್ತಿ ಮುಚ್ಚಿಟ್ರೆ ಬಲೆಗೆ ಆಸೆ ಇರುದಿಲ್ಲ ಬಾಯ್," ಎಂದಿದ್ದ. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದಿಲ್ಲ, ಯಾವಾಗಲೂ ಬಾಯ್, ನಮ್ಮ ಕಡೆ ಹುಡುಗಿಯರನ್ನು ಕರೆಯುವುದು ಹಾಗೆ. "ಅಣ್ಣಂಗೆ ಹೇಳ್ಬೇಡ ಮತ್ತೆ. ಕಾಲೇಜಿಗೆ ಹೋಗಂವ, ನಗಾಡ್ತ."

ಹೇಳಲಿಲ್ಲ. ನಮ್ಮವರ ಮೊದಲ ಗೋಲು ಬಿದ್ದ ದಿನ ಕಟ್ಟುತ್ತಾನಲ್ಲ ಎಂದುಕೊಂಡೆ. ಸೋತ ಆರರಲ್ಲಿ ಮೂರು ಮ್ಯಾಚು ಕಾಲೇಜಿನ ಮೈದಾನದಲ್ಲೇ ಆದವು, ಎದುರಿನವರು ಅದೇ ಬಲೆಗೆ ಮೇಲೆ ನಡುವೆ ಬೇಕಾದಷ್ಟು ಹೊಡೆದು ಹೋದರು. "ಅದು ಬ್ಯಾರೆಯವ್ರ ಮೀನು," ಎಂದು ಅಜ್ಜ ಲೆಕ್ಕಕ್ಕೇ ಹಿಡಿಯಲಿಲ್ಲ. ಮೂಲೆ ಹಾಗೇ ಉಳಿಯಿತು.

ಕೊನೆಯ ಮ್ಯಾಚು ಅಂಕೋಲೆಯ ಕಾಲೇಜಿನ ಮೇಲೆ, ನಮ್ಮದೇ ಮೈದಾನದಲ್ಲಿ. ಇದನ್ನೂ ಸೋತರೆ ಮುಂದಿನ ವರ್ಷದಿಂದ ಫುಟ್‌ಬಾಲ್ ತಂಡವೇ ಬೇಡ ಎಂದು ಪ್ರಿನ್ಸಿಪಾಲರು ಅಣ್ಣನನ್ನು ಕರೆದು ಹೇಳಿದ್ದರು. ಅಣ್ಣ ಊಟ ಬಿಟ್ಟ. ಹದಿನೈದು ದಿನ ಮನೆಯ ಹಿಂದಿನ ಗಟ್ಟಿ ನೆಲದಲ್ಲಿ ಒಬ್ಬನೇ ಚೆಂಡನ್ನು ನೆಲ ಬಿಟ್ಟು ಏಳದ ಹಾಗೆ ಹೊಡೆಯುವುದನ್ನು ಕಲಿತ, ಆಯಿಯ ಒಲೆಕೋಣೆಯ ಗೋಡೆಯ ಬುಡಕ್ಕೆ ಧಪ್ ಧಪ್ ಎಂದು. ಗೋಡೆಯ ಮಣ್ಣು ಉದುರಿತು, ಆಯಿ ಬೈಯಲಿಲ್ಲ. ಮ್ಯಾಚಿನ ಬೆಳಿಗ್ಗೆ ಮೂಲೆಯ ವಿಷಯ ಹೇಳಿಬಿಡಬೇಕು ಎಂದು ನನಗೆ ಒಮ್ಮೆ ಅನ್ನಿಸಿದ್ದು ನಿಜ. ಹತ್ತಿರ ಹೋದೆ. "ನಿಂದೆಂತದು ಈಗ? ಆಚೆ ಹೋಗ್," ಎಂದು ಸಿಡುಕಿದ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಹೇಳದೆ ತಿರುಗಿ ಬಂದೆ.

ದ್ವಿತೀಯಾರ್ಧದಲ್ಲಿ ನಮ್ಮವರು ಸಮುದ್ರದ ಬದಿಗೆ ಹೊಡೆಯುತ್ತಿದ್ದರು. ಎರಡೂ ಕಡೆ ಸೊನ್ನೆ, ಮುಗಿಯಲು ಐದಾರು ನಿಮಿಷ. ಅಜ್ಜನೂ ನಾನೂ ಅದೇ ಬಲೆಯ ಪಕ್ಕದಲ್ಲಿ ಕೂತಿದ್ದೆವು. ಅಣ್ಣ ಎಡಗಡೆಯಿಂದ ನುಗ್ಗಿ ಬಂದು ಹೊಡೆದ. ಇಡೀ ವರ್ಷ ಬೇಲಿ ದಾಟುತ್ತಿದ್ದ ಚೆಂಡು ಆವತ್ತು ನೆಲಕ್ಕೆ ಅಂಟಿಕೊಂಡು ಬಂತು, ಬಲಗಂಬದ ಒಳಮೈಯನ್ನು ಸವರಿಕೊಂಡು ಗೆರೆ ದಾಟಿತು, ದಾಟಿ ಕಟ್ಟದೆ ಬಿಟ್ಟ ಎರಡು ಗೇಣಿನಲ್ಲಿ ತೂರಿ ಹೊರಗೆ ಬಂದು ನನ್ನ ಕಾಲ ಬಳಿ ನಿಂತಿತು. ಬಲೆ ಅಲುಗಲೂ ಇಲ್ಲ. ಓಟದಲ್ಲಿ ಹಿಂದೆ ಬಿದ್ದಿದ್ದ ರೆಫ್ರಿಗೆ ಚೆಂಡು ಕಂಬದ ಹೊರಗೆ ಕಂಡಿತು, ಗೋಲಲ್ಲ, ಗೋಲ್‌ಕಿಕ್ ಎಂದು ಕೈ ತೋರಿಸಿದ. ಅಂಕೋಲೆಯ ಗೋಲ್‌ಕೀಪರಿಗೆ ಎಲ್ಲ ಗೊತ್ತಿತ್ತು. ಅವನು ನನ್ನ ಕಾಲ ಬಳಿಯ ಚೆಂಡನ್ನು ಸುಮ್ಮನೆ ಎತ್ತಿಕೊಂಡು ಹೋದ. ಅಣ್ಣ ಕೂಗಿದ, ಹುಡುಗರೆಲ್ಲ ರೆಫ್ರಿಯನ್ನು ಮುತ್ತಿದರು, ಅಜ್ಜ ಎದ್ದು ನಿಂತು "ಬಿತ್ತು! ಬಿತ್ತು!" ಎಂದು ಕೈ ಬೀಸಿದ. ಮಂಜುಗಣ್ಣಿನ ಮುದುಕನ ಮಾತನ್ನು ಯಾರು ಕೇಳುತ್ತಾರೆ? ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಆ ಮೂಲೆಯ ಕತೆಯನ್ನೂ ಹೇಳಬೇಕಾಗುತ್ತಿತ್ತು. ಇವರ ಜಗಳ ಮುಗಿಯುವುದರೊಳಗೆ ಅಂಕೋಲೆಯವರು ಚೆಂಡನ್ನು ಆಚೆ ತುದಿಗೆ ಒಯ್ದು ಗೋಲು ಹೊಡೆದಿದ್ದರು.

ಆವತ್ತು ಯಾರೂ ಗಂಜಿಗೆ ಬರಲಿಲ್ಲ. ಆಯಿ ಹುರಿದ ಬಂಗಡೆ ತಣ್ಣಗಾಯಿತು. ಮಾರನೇ ಬೆಳಿಗ್ಗೆ ಬಲೆ ಬಿಚ್ಚಿ ತರಲು ಅಣ್ಣ ಹೊರಟ, ನಾನು ಹಿಂದೆ ಹೋದೆ. ಅಜ್ಜ ನಮಗಿಂತ ಮೊದಲೇ ಅಲ್ಲಿದ್ದ. ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ತಡಕುತ್ತ, ಆ ಎರಡು ಗೇಣು ಕಟ್ಟುತ್ತಿದ್ದ. ಅಣ್ಣನಿಗೆ ನೋಡಿದೊಡನೆ ಎಲ್ಲ ತಿಳಿಯಿತು. ಅವನ ಮುಖ ಕೆಂಪಗಾಯಿತು. ಹೊಡೆದೇಬಿಡುತ್ತಾನೋ ಎಂದು ನಾನು ಹೆದರಿದೆ.

"ಈಗ ಕಟ್ಟಿ ಎಂತ ಮಾಡುಕೆ ಅಜ್ಜಾ?"

"ಮೀನು ಬಿತ್ತಲಾ ಮಗಾ," ಎಂದ ಅಜ್ಜ, ತಲೆ ಎತ್ತದೆ. "ಬಿದ್ಮೇಲೆ ಕಟ್ಬೇಕು."

ಅಣ್ಣ ಪಕ್ಕದಲ್ಲಿ ಕೂತು ಬಲೆಯನ್ನು ಬಿಗಿಯಾಗಿ ಎಳೆದು ಹಿಡಿದುಕೊಟ್ಟ. ಅಜ್ಜ ಗಂಟು ಹಾಕಿ, ಬೀಡಿಯ ತುದಿ ಒತ್ತಿದ. ಆ ಕಮಟು ಹೊಗೆಯಲ್ಲಿ ಅಣ್ಣ ಅಳುತ್ತಿದ್ದ.

ಮುಂದಿನ ವರ್ಷ ತಂಡ ಇರಲಿಲ್ಲ. ಈಗ ಅಜ್ಜನಿಲ್ಲ, ಆಯಿಯಿಲ್ಲ. ಹೆದ್ದಾರಿ ಅಗಲ ಮಾಡುವಾಗ ಮೊದಲು ಜಗಲಿ ಹೋಯಿತು, ಆಮೇಲೆ ಅಣ್ಣನ ಚೆಂಡಿನ ಗುರುತಿದ್ದ ಆ ಗೋಡೆಯೂ ಹೋಯಿತು. ಕಾರವಾರಕ್ಕೆ ಹೋಗುವ ಬಸ್ಸು ಈಗ ನಮ್ಮ ಒಲೆಯ ಮೇಲೆಯೇ ಓಡುತ್ತದೆ. ನನಗೆ ಮೊದಲೇ ಗೊತ್ತಿತ್ತೆಂದು ಅಣ್ಣನಿಗೆ ನಾನು ಇವತ್ತಿಗೂ ಹೇಳಿಲ್ಲ. ಹಾಳು ಎರಡು ಗೇಣು, ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಗಳ ಚೀಲದ ದಾರಕ್ಕೆ ಎರಡು ಗಂಟು ಹಾಕಿದೆ, ಸಾಲದೆಂದು ಮೂರನೆಯದನ್ನೂ ಹಾಕಿದೆ. "ಇಷ್ಟು ಬಿಗಿದ್ರೆ ನಾನು ಬಿಚ್ಚುದು ಹೇಗೆ?" ಎಂದು ಅವಳು ಕೇಳಿದಳು. ನಾನು ಇನ್ನೊಂದು ಕಡ್ಡಿ ಗೀರಿದೆ.